ಬಚ್ಚನ ಹೇಳಿಕೆ

ಬಚ್ಚ ನಗುತ್ತಿದ್ದ. ಕುಂದಾಪುರದ ಠಾಣೆಯ ಹಿಂದಿನ ಕೋಣೆಯಲ್ಲಿ, ಕಾವಿ ಬಳಿದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಯಾರದೋ ಮದುವೆಯಲ್ಲಿ ಊಟದ ಪಂಕ್ತಿ ಏಳುವುದನ್ನು ಕಾಯುವವನ ಹಾಗೆ ನಗುತ್ತಿದ್ದ. ಆ ನಗುವನ್ನು ನೋಡುತ್ತ ನೋಡುತ್ತ ರೈಟರ್ ವಿಷ್ಣುಮೂರ್ತಿ ಹೊಳ್ಳ ಕಾಗದ ಮುಂದಿಟ್ಟುಕೊಂಡು ಕೂತಿದ್ದ. ಬೆಳಿಗ್ಗೆ ಹೆಂಡತಿ ಗೋದಾವರಿ ಬಡಿಸಿದ ಗಂಜಿ ಉಂಡು ನೇರ ಇಲ್ಲಿಗೆ ಬಂದಿದ್ದ. ಸಬ್ ಇನ್ಸ್‌ಪೆಕ್ಟರ್ ಪ್ರೇಮಾನಂದರು ಕೇಳಿದ್ದನ್ನೂ ಎದುರಿಗೆ ಕೂತವನು ಹೇಳಿದ್ದನ್ನೂ ಕಾಗದಕ್ಕೆ ಇಳಿಸುವುದು ಅವನ ಕೆಲಸ. ವರ್ಷಗಳಿಂದ ಕಳ್ಳರು, ಕುಡುಕರು, ಗಡಿಕಲ್ಲು ಕಿತ್ತವರು ಎಲ್ಲರೂ ಆ ನೆಲದ ಮೇಲೆ ಕೂತು ಹೋಗಿದ್ದರು. ಅವರು ಸುಳ್ಳು ಹೇಳುತ್ತಿದ್ದರು, ಅಳುತ್ತಿದ್ದರು, ದೇವರ ಮೇಲೆ ಆಣೆ ಹಾಕುತ್ತಿದ್ದರು. ಹೀಗೆ ನಗುತ್ತ ಕೂತವನನ್ನು ಅವನು ಕಂಡಿರಲಿಲ್ಲ.

ಊರಿನ ಉತ್ತರಕ್ಕೆ ಹೊಳೆಯ ಕಡವಿನಲ್ಲಿ, ಜೋಡುದೋಣಿಗೆ ಹಲಗೆ ಹಾಸಿ ಮೋಟಾರು ದಾಟಿಸುವಲ್ಲಿ, ಕಾವಲಿನವನಿಗೆಂದು ಒಂದು ಸೋಗೆ ಮಾಡಿನ ಗುಡಿಸಲಿತ್ತು. ಅದು ಸುಟ್ಟುಹೋಗಿ ಒಳಗೆ ಮಲಗಿದ್ದ ಮುದುಕ ಕುಷ್ಟ ಸತ್ತಿದ್ದ. ಬೇರೆ ಕಾಲದಲ್ಲಾದರೆ ಅದೊಂದು ಮುದುಕನ ಸಾವಾಗಿ ಮುಗಿಯುತ್ತಿತ್ತು. ಆದರೆ ಅದು ನಲವತ್ತೆರಡರ ಮಳೆಗಾಲದ ಕೊನೆ; ಎಲ್ಲೆಲ್ಲೋ ಚಳವಳಿಯವರು ತಂತಿ ಕತ್ತರಿಸುತ್ತಿದ್ದರು, ಕಚೇರಿಗಳಿಗೆ ಕಲ್ಲು ಬೀಳುತ್ತಿತ್ತು, ಮಿಲಿಟರಿ ಲಾರಿಗಳು ಅದೇ ಕಡವು ದಾಟಿ ಹೋಗುತ್ತಿದ್ದವು. ಬೆಂಕಿ ಎಂದರೆ ಹಾಕಿದವನೊಬ್ಬ ಇರಲೇಬೇಕು ಎಂದು ಮಂಗಳೂರಿನ ಮೇಲಧಿಕಾರಿಗಳು ತೀರ್ಮಾನಿಸಿದ್ದರು. ಮರುದಿನ ಬೆಳಿಗ್ಗೆ ಬೂದಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದವನು ಬಚ್ಚ. ದಿನಾ ರಾತ್ರಿ ಆ ಗುಡಿಸಲ ಜಗಲಿಯಲ್ಲಿ ಮಲಗುತ್ತಿದ್ದವನೂ ಅವನೇ. ಮೂವತ್ತರ ಆಚೆಯ, ಎತ್ತಿನಂಥ ಮೈಯ ಆಳು. ರಂಪಣಿ ಬಲೆಯ ಹಗ್ಗ ಎಳೆಯಲು ನಿಲ್ಲಿಸಿದರೆ ಸಾಕು ಎನ್ನುವವರೆಗೂ ಎಳೆಯುತ್ತಿದ್ದ. ಸಾಕು ಎನ್ನಲು ಯಾರಾದರೂ ಮರೆತರೆ ಮತ್ತೂ ಎಳೆಯುತ್ತಿದ್ದ.

"ಬಚ್ಚ, ಚಾ ಕುಡಿದೆಯಾ?" ಪ್ರೇಮಾನಂದರು ಕೇಳಿದರು. ಅವರ ದನಿ ಮೆತ್ತಗಿತ್ತು. ಮಂಗಳೂರಿನ ಓದಿದ ಮನೆತನದವರು, ಕೈ ಎತ್ತಿದವರಲ್ಲ. ತನ್ನ ಠಾಣೆಯಲ್ಲಿ ಒಂದು ಏಟೂ ಬೀಳುವುದಿಲ್ಲ ಎಂಬ ಹೆಮ್ಮೆ ಅವರಿಗಿತ್ತು.

"ಹೌದ್," ಎಂದ ಬಚ್ಚ.

"ಗುಡಿಸಲಿನ ಜಗಲಿಯಲ್ಲಿ ಮಲಗುತ್ತಿದ್ದೆ, ಅಲ್ಲವಾ?"

"ಹೌದ್."

"ಕುಷ್ಟ ನಿನಗೆ ಬೈಯುತ್ತಿದ್ದ."

"ಹೌದ್. ಬೈತಿದ್ರ್."

"ನಿನಗೆ ಸಿಟ್ಟು ಬರುತ್ತಿತ್ತು."

"ಹೌದ್."

"ಅದಕ್ಕೇ ಬೆಂಕಿ ಹಾಕಿದೆ."

"ಹೌದ್," ಎಂದ ಬಚ್ಚ, ಮತ್ತೆ ಪ್ರೇಮಾನಂದರ ಮುಖ ನೋಡಿದ, ಸರಿಯಾಯಿತೇ ಎನ್ನುವ ಹಾಗೆ.

ವಿಷ್ಣುಮೂರ್ತಿ ಬರೆದ. ಕೇಳಿದ ಪ್ರಶ್ನೆಗಳು ಕಾಗದದಲ್ಲಿ ಉಳಿಯುವುದಿಲ್ಲ, ಉತ್ತರಗಳು ಮಾತ್ರ ಒಂದಕ್ಕೊಂದು ಪೋಣಿಸಿಕೊಂಡು ಹೇಳಿಕೆಯಾಗುತ್ತವೆ: ನಾನು ದಿನಾ ಅಲ್ಲಿ ಮಲಗುತ್ತಿದ್ದೆನು, ಸದರಿ ಕುಷ್ಟನು ನನ್ನನ್ನು ಬೈಯುತ್ತಿದ್ದನು, ಆ ದ್ವೇಷದಿಂದ ನಾನು ಬೆಂಕಿ ಹಾಕಿದೆನು. ಬಚ್ಚನ ಬಾಯಿಂದ ಬಂದದ್ದು ಹೆಚ್ಚುಕಡಿಮೆ ಒಂದೇ ಶಬ್ದ. ಕಾಗದದ ಮೇಲೆ ಮಾತ್ರ ಒಬ್ಬ ಹಟಮಾರಿ, ಲೆಕ್ಕಾಚಾರದ ಮನುಷ್ಯ ತಯಾರಾಗುತ್ತಿದ್ದ. ದ್ವೇಷ ಎಂಬ ಶಬ್ದವನ್ನು ಬರೆದದ್ದು ತಾನು. ಸಿಟ್ಟು ಎಂದು ಬರೆದರೆ ಮೇಲಿನವರು ಒಪ್ಪುವುದಿಲ್ಲ ಎಂದು ಯಾವತ್ತೋ ಯಾರೋ ಹೇಳಿಕೊಟ್ಟಿದ್ದರು. ಅವತ್ತು ಹೌದು ಸಾರ್ ಎಂದಿದ್ದ. ಸಾಲಿಗ್ರಾಮದ ಮನೆಯಲ್ಲಿ ಅಪ್ಪಯ್ಯ ಮಂತ್ರ ಹೇಳಿಕೊಡುವಾಗ, ಅರ್ಥ ಆಯ್ತಾ ಎಂದು ಕೇಳಿದರೆ, ಏನೂ ಅರ್ಥವಾಗದೆ ಬೆನ್ನು ನೆಟ್ಟಗೆ ಮಾಡಿ ಹೌದು ಎನ್ನುತ್ತಿದ್ದ. ದೇವಸ್ಥಾನದ ಪೂಜೆಗೆ ನಾ ಸಾಕ್, ನೀನ್ ಎಂತಾದ್ರೂ ಸರಕಾರಿ ಕೆಲ್ಸ ಹಿಡಿ, ಆಗ್ದಾ ಎಂದು ಅಣ್ಣ ಹಿರಿಯಣ್ಣ ಕೇಳಿದಾಗಲೂ ಅಷ್ಟೆ. ಗೋದಾವರಿಯನ್ನು ನೋಡಿ ಬಂದ ಸಂಜೆ ಒಪ್ಪಿಗೆಯೋ ಎಂದು ಜಗಲಿಯಲ್ಲಿ ಕೂತ ಹಿರಿಯರು ಕೇಳಿದ್ದರು; ಅವಳ ಮುಖವನ್ನು ಅವನು ಸರಿಯಾಗಿ ನೋಡಿರಲೇ ಇಲ್ಲ. ಹೌದು ಎಂದರೆ ಎದುರಿನವರ ಮುಖ ಸಡಿಲವಾಗುತ್ತದೆ, ಮಾತು ಬೇರೆಲ್ಲಿಗೋ ಹೊರಳುತ್ತದೆ, ಮನುಷ್ಯ ಉಸಿರು ಬಿಡಬಹುದು.

"ನೀನು ಒಬ್ಬನೇ ಇದ್ದೆಯಾ?" ಪ್ರೇಮಾನಂದರು ಕೇಳುತ್ತಿದ್ದರು.

"ಹೌದ್."

"ಯೋಚಿಸಿ ಹೇಳು. ಜೊತೆಗೆ ಯಾರೋ ಇದ್ದರು, ಅಲ್ಲವಾ?"

ಬಚ್ಚನ ನಗು ಒಂದು ಕ್ಷಣ ಅಲುಗಿತು. ತಾನು ಎಲ್ಲೋ ತಪ್ಪಿದೆ ಎಂದು ಅವನಿಗೆ ಅನಿಸಿರಬೇಕು. "ಹೌದ್," ಎಂದ, ಗಡಿಬಿಡಿಯಿಂದ.

ವಿಷ್ಣುಮೂರ್ತಿಯ ಲೇಖನಿ ನಿಂತಿತು. ಪ್ರೇಮಾನಂದರು ಅದನ್ನು ನೋಡಿದರು. "ಎರಡನೆಯದನ್ನು ಬರೆಯಿರಿ ಹೊಳ್ಳರೇ," ಎಂದರು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ. "ಹೆಸರು ನಾಳೆ ಬರುತ್ತದೆ." ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಹೆಂಡತಿ ಉಮಾವತಿಗೆ ದಿನ ತುಂಬಿದೆ, ಮಂಗಳೂರಿಗೆ ಹೋಗಿ ಬರಲು ರಜೆ ಕೊಡುತ್ತಿಲ್ಲ ಎಂದು ನಿನ್ನೆ ಹೇಳಿದ್ದರು. ಅವರ ಮೇಲೆ ಸಿಟ್ಟಾಗಲು ವಿಷ್ಣುಮೂರ್ತಿಗೆ ಆಗಲಿಲ್ಲ. ಸಿಟ್ಟಾಗುವಷ್ಟು ತ್ರಾಣ ಅವನಲ್ಲಿ ಇರಲಿಲ್ಲ.

ಪ್ರೇಮಾನಂದರು ಊಟಕ್ಕೆ ಹೋದರು. ಬಾಗಿಲಲ್ಲಿ ಕೂತಿದ್ದ ಕಾನ್‌ಸ್ಟೇಬಲ್ ಭೋಜ ಗೋಡೆಗೆ ತಲೆ ಆನಿಸಿ ತೂಕಡಿಸಿದ. ಹೊರಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಒದ್ದೆ ಅಂಗಳದಿಂದ ಹಬೆ ಏಳುತ್ತಿತ್ತು. ಅಂಗಳದಾಚೆ ಬೇಲಿಯ ಬದಿಯಲ್ಲಿ ಬಚ್ಚನ ತಾಯಿ ಸೀತು ಖಾಲಿ ಮೀನಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಬೆಳಿಗ್ಗೆಯಿಂದ ಕೂತಿದ್ದಳು. ಅವಳ ಕಡೆ ನೋಡದೆ ಇರಲೆಂದು ವಿಷ್ಣುಮೂರ್ತಿ ಬಚ್ಚನ ಕಡೆ ತಿರುಗಿದ. ಮೊದಲು ಸುಮ್ಮನೆ, ನಿದ್ದೆ ಬಾರದಿರಲಿ ಎಂದು ಕೇಳಿದ ಹಾಗೆ ಕೇಳಿದ.

"ಬಚ್ಚ, ಕಿಚ್ಚ್ ಬಿದ್ದ್ ದಿನ ನೀನ್ ಬೈಂದೂರಂಗೆ ಇದ್ದಿದ್ಯಾ?"

"ಹೌದ್."

"ಶಿರೂರಿಗೂ ಹೋಯಿದ್ಯಾ?" ಅದು ಬೈಂದೂರಿನಿಂದಲೂ ಆಚೆ, ಕಡವಿನಿಂದ ಇಪ್ಪತ್ತು ಮೈಲಿಗೂ ಹೆಚ್ಚು ದೂರ.

"ಹೌದ್."

ವಿಷ್ಣುಮೂರ್ತಿಯ ಮೈ ಬೆಚ್ಚಗಾಯಿತು. ಆಟದಲ್ಲಿ ಒಂದು ಕಾಯಿ ಸುಲಭವಾಗಿ ಹೊಡೆದವನಿಗೆ ಮುಂದಿನದನ್ನೂ ಹೊಡೆಯುವ ಆಸೆ ಹುಟ್ಟುವ ಹಾಗೆ, ಬೇಡ ಬೇಡ ಎನ್ನಿಸುತ್ತಿರುವಾಗಲೇ, ಮೇಜಿನ ಮೇಲೆ ಬಗ್ಗಿ ದನಿ ಇಳಿಸಿ ಕೇಳಿದ: "ನಾನೂ ಇದ್ದಿದ್ನಾ ನಿನ್ನೊಟ್ಟಿಗೆ?"

ಬಚ್ಚ ಅವನನ್ನು ಮೊದಲ ಸಲ ಕಾಣುತ್ತಿರುವವನ ಹಾಗೆ ನೋಡಿದ. ಈವರೆಗೆ ಈ ಮೂಲೆಯಲ್ಲಿ ತಲೆ ತಗ್ಗಿಸಿ ಕೂತ ಅಯ್ಯ ಅವನೊಡನೆ ಒಂದು ಮಾತೂ ಆಡಿರಲಿಲ್ಲ. "ಹೌದ್!" ಎಂದ.

"ಕಡ್ಡಿ ಕೊಟ್ಟದ್ ನಾನಾ?"

"ಹೌದ್ ಅಯ್ಯ, ನೀವೇ ಕೊಟ್ಟದ್."

ನೀವೇ ಕೊಟ್ಟದ್ ಎಂಬ ಆ ಎರಡು ಶಬ್ದಗಳನ್ನು ಬಚ್ಚ ತಾನಾಗಿ ಸೇರಿಸಿದ್ದ, ಪ್ರೀತಿಯಿಂದ. ವಿಷ್ಣುಮೂರ್ತಿಗೆ ನಗು ಬರಬೇಕಿತ್ತು. ಬರಲಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ತಾನು ನಿಜಕ್ಕೂ ಆ ರಾತ್ರಿ ಎಲ್ಲಿದ್ದೆ ಎಂದು ನೆನಪು ಮಾಡಿಕೊಳ್ಳಬೇಕಾಯಿತು. ಮನೆಯಲ್ಲಿದ್ದೆ. ಗೋದಾವರಿಗೆ ತಲೆನೋವಿತ್ತು. ಹೌದು, ಮನೆಯಲ್ಲೇ ಇದ್ದೆ.

ಸಂಜೆ ಪ್ರೇಮಾನಂದರಿಗೆ ಹೇಳಿದ. ತಾನು ಕೇಳಿದ ಎಲ್ಲವನ್ನೂ ಹೇಳಲಿಲ್ಲ. ಬೈಂದೂರಿನದು, ಶಿರೂರಿನದು ಹೇಳಿದ. "ಸಾರ್, ಅವನು ಎಲ್ಲದಕ್ಕೂ ಹೌದು ಅನ್ನುತ್ತಾನೆ. ಬುದ್ಧಿ ಬೆಳೆದಿಲ್ಲ ಅವನಿಗೆ."

ಪ್ರೇಮಾನಂದರು ಹೇಳಿಕೆಯ ಕಾಗದವನ್ನು ತಿರುಗಿಸಿ ನೋಡಿದರು. "ಎಲ್ಲದಕ್ಕೂ ಹೌದು ಅನ್ನುವವನು ಬೆಂಕಿ ಹಾಕಿರಲಾರ ಅಂತ ಎಲ್ಲಿದೆ ಹೊಳ್ಳರೇ?" ಎಂದರು. "ಯಾರೋ ಹಾಕು ಅಂದಿರಬಹುದು. ಅದಕ್ಕೂ ಹೌದು ಅಂದಿರಬಹುದು. ಹೇಗೂ ನಮ್ಮೆದುರು ಹೇಳಿದ್ದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ನಾಳೆ ಮ್ಯಾಜಿಸ್ಟ್ರೇಟರ ಎದುರು ಹೇಳಲಿ. ಅವರು ತೂಗಿ ನೋಡಲಿ. ನೀವೂ ನಾನೂ ಯಾಕೆ ಹೊರಬೇಕು?"

"ಹೌದು ಸಾರ್," ಎಂದ ವಿಷ್ಣುಮೂರ್ತಿ.

ಮರುದಿನ ಮ್ಯಾಜಿಸ್ಟ್ರೇಟರ ಕಚೇರಿಯ ಹೊರಗೆ ಪ್ರೇಮಾನಂದರೂ ಭೋಜನೂ ವಿಷ್ಣುಮೂರ್ತಿಯೂ ನೇರಳೆ ಮರದಡಿ ನಿಂತರು. ತಪ್ಪೊಪ್ಪಿಗೆ ಬರೆದುಕೊಳ್ಳುವಾಗ ಪೊಲೀಸರು ಒಳಗಿರಬಾರದೆಂಬ ನಿಯಮ ಮ್ಯಾಜಿಸ್ಟ್ರೇಟರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವರು ತಂಜಾವೂರಿನ ಕಡೆಯಿಂದ ಹೊಸದಾಗಿ ಬಂದವರು, ಈ ಕಡೆಯ ಮಾತು ತಿಳಿಯದು. ಮಾತು ತಿಳಿಸಿ ಹೇಳುವ ಗುಮಾಸ್ತನಿಗೆ ಮಲೇರಿಯಾ ಜ್ವರ. ಅವರು ಬಾಗಿಲಿಗೆ ಬಂದು ಹೊರಗೆ ನಿಂತವರಲ್ಲಿ ಜುಟ್ಟು ಬಿಟ್ಟ, ಲೇಖನಿ ಸಿಕ್ಕಿಸಿಕೊಂಡ ಒಬ್ಬನನ್ನು ನೋಡಿದರು. ನೀವು ಪೊಲೀಸಾದರೂ ಬರೀ ಬರೆಯುವವರು ತಾನೆ, ಒಳಗೆ ಬನ್ನಿ, ಇಲ್ಲವಾದರೆ ಇವತ್ತು ಕೆಲಸ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ವಿಷ್ಣುಮೂರ್ತಿ ಒಳಗೆ ಹೋದ. ನಿಯಮವನ್ನು ನೆನಪಿಸಬಹುದಿತ್ತು. ಕಾಲುಗಳು ಆಗಲೇ ಹೊಸಿಲು ದಾಟಿದ್ದವು.

ಒಳಗೆ ತಂಪಿತ್ತು. ಬಚ್ಚ ಅವನನ್ನು ಕಂಡ ಕೂಡಲೇ ಪರಿಚಯದವರನ್ನು ಕಂಡ ಹಾಗೆ ಮುಖ ಅರಳಿಸಿದ. ಮ್ಯಾಜಿಸ್ಟ್ರೇಟರು ಒಂದೊಂದಾಗಿ ಕೇಳಿದರು, ವಿಷ್ಣುಮೂರ್ತಿ ಕನ್ನಡಕ್ಕೆ ತಿರುಗಿಸಿದ, ಬಚ್ಚ ಹೌದ್ ಎಂದ, ವಿಷ್ಣುಮೂರ್ತಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ನಿನ್ನನ್ನು ಯಾರಾದರೂ ಹೊಡೆದಿದ್ದಾರೆಯೇ? ಈ ಪ್ರಶ್ನೆಗೂ ಬಚ್ಚ ಹೌದ್ ಎಂದ. ಮ್ಯಾಜಿಸ್ಟ್ರೇಟರು ತಲೆ ಎತ್ತಿದರು. ಮೈಯ ಮೇಲೆ ಗಾಯ ತೋರಿಸು ಎಂದರೆ ಬಚ್ಚ ಕಾಲಲ್ಲಿ ಬಲೆಯ ಹಗ್ಗ ಕೊರೆದ ಹಳೆಯ ಕಲೆ ತೋರಿಸಿದ. ಅವರು ಸಮಾಧಾನದಿಂದ ಮುಂದುವರಿದರು. ತನ್ನ ಬಾಯಿಂದ ಹೊರಡುವ ಒಂದೊಂದು ಇಂಗ್ಲಿಷ್ ವಾಕ್ಯವೂ ಬಚ್ಚನ ಕುತ್ತಿಗೆಯ ಸುತ್ತ ಒಂದು ಎಳೆ ಸುತ್ತುತ್ತಿದೆ ಎಂದು ವಿಷ್ಣುಮೂರ್ತಿಗೆ ಅನಿಸಿತು. ಆದರೂ ವ್ಯಾಕರಣ ತಪ್ಪದಂತೆ ನೋಡಿಕೊಳ್ಳುತ್ತಿದ್ದ. ಅದೇ ಅವನಿಗೆ ಅತ್ಯಂತ ಹೇಸಿಗೆಯೆನಿಸಿದ್ದು.

"ಇವನ ಜೊತೆಗೆ ಯಾರಿದ್ದರು ಎಂದು ಕೇಳಿ," ಎಂದರು ಮ್ಯಾಜಿಸ್ಟ್ರೇಟರು.

"ನಿನ್ನೊಟ್ಟಿಗೆ ಯಾರಿದ್ದಿದ್ರ್?" ವಿಷ್ಣುಮೂರ್ತಿ ಕೇಳಿದ.

ಹೌದು ಎಂದು ಉತ್ತರಿಸಲಾಗದ ಪ್ರಶ್ನೆ ಅದೊಂದೇ. ಬಚ್ಚ ಹಣೆ ಸುಕ್ಕು ಮಾಡಿದ. ಆಮೇಲೆ ನೆನಪಾಯಿತು. "ನೀವೇ ಅಲ್ದಾ ಅಯ್ಯ!" ಎಂದ. "ನೀವೇ ಇದ್ದದ್. ಕಡ್ಡಿ ನೀವೇ ಕೊಟ್ಟದ್ ಅಲ್ದಾ?"

ಮ್ಯಾಜಿಸ್ಟ್ರೇಟರು ಲೇಖನಿ ಹಿಡಿದು ಕಾದರು. ಬಚ್ಚ ಬೆರಳು ತೋರಿಸಿರಲಿಲ್ಲ, ನಗುತ್ತಿದ್ದ, ಅಷ್ಟೆ. ಹೊರಗೆ ಕಾಗೆಯೊಂದು ಒಂದೇ ಸಮ ಕೂಗುತ್ತಿತ್ತು. ಅವನಿಗೆ ನೆನಪಿಲ್ಲವಂತೆ ಎಂದುಬಿಟ್ಟರೆ ಮುಗಿಯಿತು; ಈ ಕೋಣೆಯಲ್ಲಿ ಆ ಎರಡೂ ಭಾಷೆ ಬಲ್ಲವನು ತಾನೊಬ್ಬನೇ. ನಾಳೆಯೂ ನಾಡಿದ್ದೂ ಇದೇ ಗಂಜಿ, ಇದೇ ಠಾಣೆ, ಹೌದು ಸಾರ್. ಅಪ್ಪಯ್ಯನ ಶ್ರಾದ್ಧದ ದಿನ, ಹೆಣ ಮುಟ್ಟುವ ಕೆಲಸದವನೆಂದು ತನ್ನ ಎಲೆಯನ್ನು ಅಣ್ಣ ಪಂಕ್ತಿಯ ತುದಿಗೆ, ಕಂಬದ ಮರೆಗೆ ಹಾಕಿಸಿದ್ದು ಯಾಕೋ ನೆನಪಾಯಿತು. ಆವತ್ತೂ ಆದೀತು ಎಂದು ಕೂತಿದ್ದ. ಹೀಗೆ ಕೂತು ಕೂತು ಬಂದ ದಣಿವು ಎಷ್ಟು ದೊಡ್ಡದೆಂದರೆ, ಇನ್ನೊಂದು ಸುಳ್ಳನ್ನು ಅದರ ಮೇಲೆ ಹೊರಿಸಲು ಅವನ ಕೈಯಲ್ಲಿ ಆಗಲಿಲ್ಲ.

"ನಾನು ಅವನ ಜೊತೆಗಿದ್ದೆನಂತೆ," ಎಂದ ಇಂಗ್ಲಿಷಿನಲ್ಲಿ. "ಬೆಂಕಿಕಡ್ಡಿಯನ್ನು ನಾನೇ ಕೊಟ್ಟೆನಂತೆ."

ಮ್ಯಾಜಿಸ್ಟ್ರೇಟರು ಅವನ ಮುಖ ನೋಡಿದರು, ಆಮೇಲೆ ನಕ್ಕರು. "ಪಾಪ," ಎಂದರು. "ಅದನ್ನು ಬಿಡೋಣ. ಉಳಿದದ್ದನ್ನು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸುತ್ತೇನೆ."

"ಅದನ್ನು ಬಿಡಲಾಗುವುದಿಲ್ಲ ಸಾರ್."

"ಏನು?"

ವಿಷ್ಣುಮೂರ್ತಿ ಬಚ್ಚನ ಕಡೆ ಕೈ ತೋರಿಸಿದ. "ಉಳಿದದ್ದನ್ನೂ ಅವನು ಇದೇ ಬಾಯಲ್ಲಿ ಹೇಳಿದ್ದು ಸಾರ್. ಉಳಿದದ್ದು ನಿಜವಾದರೆ ಇದೂ ನಿಜ, ನನ್ನನ್ನೂ ಹಿಡಿದು ಹಾಕಿ. ಇದು ಸುಳ್ಳಾದರೆ ಯಾವುದನ್ನೂ ಬರೆಯಬೇಡಿ. ಇದನ್ನು ಅವನ ಬಾಯಿಗೆ ಹಾಕಿದವನು ನಾನು. ನಿನ್ನೆ ಮಧ್ಯಾಹ್ನ ಸುಮ್ಮನೆ ಕೇಳಿದೆ. ಉಳಿದದ್ದನ್ನೂ ನಾವೇ ಹೀಗೆ ಒಂದೊಂದಾಗಿ ಹಾಕಿದ್ದು."

ಮ್ಯಾಜಿಸ್ಟ್ರೇಟರು ಲೇಖನಿಯನ್ನು ಮಸಿಕುಡಿಕೆಯ ಪಕ್ಕ ಇಟ್ಟರು. ಅವರ ಮುಖ ಕೆಂಪಾಗಿತ್ತು, ಯಾರ ಮೇಲಿನ ಸಿಟ್ಟೋ ತಿಳಿಯಲಿಲ್ಲ. ಬಚ್ಚ ಮಾತ್ರ ಇಬ್ಬರ ಮುಖವನ್ನೂ ಸರದಿಯಲ್ಲಿ ನೋಡುತ್ತ, ಯಾರಾದರೂ ತನ್ನನ್ನು ಏನಾದರೂ ಕೇಳಲಿ ಎಂದು ಕಾಯುತ್ತಿದ್ದ.

ಬಚ್ಚನನ್ನು ಬಿಟ್ಟರು. ಅದಕ್ಕೆ ಕೆಲವು ದಿನ ಹಿಡಿಯಿತು, ಮೇಲಿಂದ ಕೆಳಗೆ ಕೆಳಗಿಂದ ಮೇಲೆ ಕಾಗದ ಓಡಾಡಿತು. ಆದರೆ ತಪ್ಪೊಪ್ಪಿಗೆಯ ಹೊರತು ಅವನ ಮೇಲೆ ಬೇರೇನೂ ಇರಲಿಲ್ಲ. ಪ್ರೇಮಾನಂದರು ಕೂಗಾಡಲಿಲ್ಲ. "ನನಗೆ ಮೊದಲೇ ಹೇಳಬಹುದಿತ್ತು ಹೊಳ್ಳರೇ," ಎಂದರು ಒಮ್ಮೆ, ಕಿಟಕಿಯ ಕಡೆ ತಿರುಗಿಕೊಂಡು. ಹೇಳಿದ್ದೆನಲ್ಲ ಎಂದು ವಿಷ್ಣುಮೂರ್ತಿಗೆ ಅನಿಸಿತು. ಹೇಳಿದ್ದು ಅರ್ಧ ಎಂದೂ ಅನಿಸಿತು. ಪ್ರೇಮಾನಂದರಿಗೆ ರಜೆ ಕೊನೆಗೂ ಸಿಗಲಿಲ್ಲ. ಮಂಗಳೂರಿನಲ್ಲಿ ಉಮಾವತಿ ಹೆತ್ತ ಸುದ್ದಿ ತಂತಿಯಲ್ಲಿ ಬಂತು, ಗಂಡು ಮಗು. ವಿಚಾರಣೆ ಮುಗಿಯುವವರೆಗೆ ವಿಷ್ಣುಮೂರ್ತಿಯನ್ನು ಶಿರೂರಿನ ಹೊರಠಾಣೆಗೆ, ರೈಟರ್ ಕೆಲಸದಿಂದ ಇಳಿಸಿ, ಕಳಿಸಲು ಹುಕುಂ ಬಂತು.

ಅಷ್ಟರಲ್ಲಿ ಊರಿನಲ್ಲಿ ಸುದ್ದಿ ಹಬ್ಬಿತ್ತು. ಕೋರ್ಟಿನಿಂದ ಹೊರಬಿದ್ದ ಮಾತು ಪೇಟೆಗೆ ಬರುವಾಗ ಬಾಲ ಮಾತ್ರ ಉಳಿದಿತ್ತು: ಕಡವಿನ ಕಿಚ್ಚಿಗೆ ರೈಟರ್ ಹೊಳ್ಳರೂ ಇದ್ದಿದ್ರಂತೆ, ತಾವೇ ಒಪ್ಕಂಡ್ರಂತೆ. ಚಳವಳಿಯ ಹುಡುಗರಲ್ಲಿ ಕೆಲವರು ಅವನನ್ನು ಕಂಡು ಕೈಮುಗಿದರು. ಅದು ಉಳಿದವರು ಮುಖ ತಿರುಗಿಸಿದ್ದಕ್ಕಿಂತ ಹೆಚ್ಚು ನಾಚಿಕೆ ತಂದಿತು. ಅಣ್ಣ ಹಿರಿಯಣ್ಣ ಸಾಲಿಗ್ರಾಮದಿಂದ ಬಂದು, ಒಳಗೆ ಬಾರದೆ ಅಂಗಳದಲ್ಲೇ ನಿಂತು, "ಸ್ವಲ್ಪ ದಿನ ನೀನ್ ಆ ಬದಿಗೆ ಬಪ್ಪುದ್ ಬ್ಯಾಡ ಮಾರಾಯ, ದೇವಸ್ಥಾನದವ್ರ್ ಎಂತೆಂತದೋ ಮಾತಾಡ್ತ್ರ್," ಎಂದು ಹೇಳಿ ಹೋದ. ಗೋದಾವರಿ ಸಾಸ್ತಾನದ ತವರಿಗೆ ಹೊರಟು ಗಂಟು ಕಟ್ಟುತ್ತ, "ನಂಗ್ ಒಂದ್ ಮಾತ್ ಹೇಳಿದ್ರೆ ಎಂತ ಆತಿತ್ತ್ ನಿಮ್ಗೆ?" ಎಂದಳು. ಅವಳ ಮುಖವನ್ನು ಅವನು ಆಗ ಸರಿಯಾಗಿ ನೋಡಿದ. ಅತ್ತ ಮುಖ, ಆದರೆ ಹೇಳಿದ್ದರೆ ಅವಳು ಬೇಡ ಎನ್ನುತ್ತಿರಲಿಲ್ಲ ಎನಿಸುವ ಮುಖ.

ಸೀತು ಒಬ್ಬಳು ಬಂದಿದ್ದಳು. ಕೈಮುಗಿಯಬಹುದು, ಅಳಬಹುದು ಎಂದು ಅವನ ಮನಸ್ಸಿನ ಒಂದು ಮೂಲೆ ಕಾದಿತ್ತು. ಅವಳು ಬಾಗಿಲಿಂದ ದೂರ ನಿಂತು ನೇರವಾಗಿ ಕೇಳಿದಳು: "ಅಯ್ಯ, ನನ್ ಮಗ ಸುಳ್ಳ್ ಹೇಳುವವ ಅಲ್ಲ. ಹಾಂಗಾರೆ ನೀವ್ ಇದ್ದದ್ ಹೌದಾ?"

"ಇಲ್ಲ ಸೀತು. ನಾನ್ ಇರ್ಲಿಲ್ಲೆ."

"ಹಾಂಗಾರೆ ಅಂವ ಎಂತಕ್ ಹಾಂಗ್ ಹೇಳ್ದ?"

ಅದಕ್ಕೆ ಉತ್ತರವಿತ್ತು. ಮ್ಯಾಜಿಸ್ಟ್ರೇಟರೆದುರು ಇಂಗ್ಲಿಷಿನಲ್ಲಿ ಹೇಳಿಯೂ ಆಗಿತ್ತು. ನಿನ್ನ ಮಗನ ಬುದ್ಧಿಯೊಡನೆ ಒಂದು ಮಧ್ಯಾಹ್ನ ಹೊತ್ತು ಕಳೆಯಲು ಆಡಿದೆ ಎಂದು ಕನ್ನಡದಲ್ಲಿ, ಆ ಹೆಂಗಸಿನ ಮುಖ ನೋಡಿ ಹೇಳಲು ಅವನಿಂದ ಆಗಲಿಲ್ಲ. ಅವಳು ಸೆರಗು ಎಳೆದುಕೊಂಡು ಹೋದಳು.

ಶಿರೂರಿಗೆ ಹೊರಟ ದಿನ ಕಡವಿನಲ್ಲಿ ಜನ ಬಹಳವಿತ್ತು. ಸುಟ್ಟ ಗುಡಿಸಲಿನ ಜಾಗ ಹಾಗೆಯೇ ಕಪ್ಪಗಿತ್ತು, ಅಂಚಿನಲ್ಲಿ ಹುಲ್ಲು ಚಿಗುರಿತ್ತು. ದೋಣಿ ನಡೆಸುವ ಸೂರ ಅವನ ಮುಖ ನೋಡದೆ ಟ್ರಂಕನ್ನು ಎತ್ತಿ ಇಟ್ಟ. ವಿಷ್ಣುಮೂರ್ತಿ ಕೂತ ಹಲಗೆಯ ಮೇಲಿದ್ದವರು ಒಬ್ಬೊಬ್ಬರಾಗಿ ಆಚೆ ಸರಿದರು; ದೋಣಿ ಒಂದು ಕಡೆ ವಾಲಿತೆಂದು ಸೂರ ಗದರಿದ. ಆಗ ಎದುರಿನ ತುದಿಯಿಂದ "ಹ್ವಾಯ್ ಅಯ್ಯ!" ಎಂಬ ಕೂಗು ಕೇಳಿತು. ಬಚ್ಚ. ಸೀತು ಅವನನ್ನು ತ್ರಾಸಿ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಕರೆದುಕೊಂಡು ಹೊರಟಿದ್ದಳು. "ಸುಮ್ನೆ ಕೂಕೊ," ಎಂದು ಅವಳು ತೋಳು ಹಿಡಿದು ಜಗ್ಗಿದಳು. ಎತ್ತಿನಂಥ ಮೈಯವನು ಅವಳ ಕೈಯಿಂದ ನುಣುಚಿಕೊಂಡು, ಜನರ ಕಾಲು ದಾಟಿಕೊಂಡು ಬಂದು ಖಾಲಿ ಹಲಗೆಯ ಮೇಲೆ ವಿಷ್ಣುಮೂರ್ತಿಯ ಪಕ್ಕ ಕೂತ. ದೋಣಿ ಸಮವಾಯಿತು.

ವಿಷ್ಣುಮೂರ್ತಿ ನೀರು ನೋಡುತ್ತಿದ್ದ. ಮಳೆಗಾಲದ ಕೆಂಪು ಕಳೆದು ಹೊಳೆ ತಿಳಿಯಾಗತೊಡಗಿತ್ತು. ನಡುಹೊಳೆಗೆ ಬಂದಾಗ, ಯಾರೂ ಏನೂ ಕೇಳದಿರುವಾಗ, ಬಚ್ಚ ತನ್ನಷ್ಟಕ್ಕೆ ಶುರು ಮಾಡಿದ.

"ಕುಷ್ಟಜ್ಜಂಗೆ ಚಳಿ," ಎಂದ. "ಮೈ ಸುಡ್ತಿತ್ತ್, ಆದ್ರೂ ಚಳಿ ಚಳಿ ಅಂದ್ರ್. ಮಂಚದಡಿಗೆ ಕೆಂಡದ್ ಮಡಕಿ ಇಡ್ ಅಂದ್ರ್. ನಾ ಬ್ಯಾಡ ಅಂದೆ. ಬೈದ್ರ್ ನಂಗೆ. ಅವ್ರೇ ಎದ್ದ್ ಇಟ್ಕಂಡ್ರ್. ನಾ ಹೊರ್ಗೆ ಬಂದ್ ಮನಿಕಂಡೆ. ಆಮೇಲ್ ಕಿಚ್ಚಿನ್ ಬೆಳ್ಕ್ ಆಯ್ತ್. ನಾ ಕೂಗ್ದೆ. ಹ್ವಾಯ್ ಅಜ್ಜ, ಹ್ವಾಯ್ ಅಂದೆ. ಏಳ್ಲೇ ಇಲ್ಲೆ."

ವಿಷ್ಣುಮೂರ್ತಿ ಗಕ್ಕನೆ ತಿರುಗಿದ. "ಕೆಂಡ ಇಟ್ಕಂಡದ್ ಕುಷ್ಟನೇಯಾ? ನೀನ್ ಬ್ಯಾಡ ಅಂದದ್ ಹೌದಾ ಬಚ್ಚ?"

ಬಚ್ಚನ ಮುಖ ಮೇಲೆದ್ದಿತು. ಕಣ್ಣುಗಳು ವಿಷ್ಣುಮೂರ್ತಿಯ ತುಟಿಗಳನ್ನು ಹುಡುಕಿದವು. ಆ ನಗು ಮೆಲ್ಲಗೆ ಬಂದು ಕೂತಿತು. "ಹೌದ್," ಎಂದ ಅವನು, ಮತ್ತು ಮುಂದಿನ ಪ್ರಶ್ನೆಗೆ ಕಾದ.

ವಿಷ್ಣುಮೂರ್ತಿಯ ನಾಲಿಗೆಯ ಮೇಲೆ ಪ್ರಶ್ನೆಗಳು ಸಾಲಾಗಿ ನಿಂತಿದ್ದವು. ಒಂದೊಂದನ್ನೂ ನುಂಗಿದ. ಅದು ಗಂಜಿ ನುಂಗಿದ ಹಾಗೆ ಸುಲಭವಿರಲಿಲ್ಲ. ಮತ್ತೆ ನೀರಿನ ಕಡೆ ತಿರುಗಿ, ಬೆನ್ನು ಸಡಿಲ ಬಿಟ್ಟು, ಎಲ್ಲಿಗೂ ಹೋಗಬೇಕಿಲ್ಲದವನ ಹಾಗೆ ಕೂತ. ಬಹಳ ಹೊತ್ತಿನ ಮೇಲೆ ಪಕ್ಕದಲ್ಲಿ ಬಚ್ಚನ ಉಸಿರು ನಿಧಾನವಾಯಿತು, ನಗು ಇಳಿದಿರಬೇಕು.

"ಅಜ್ಜನ್ ಕಂಬ್ಳಿ ತೂತ್ ಬಿದ್ದಿತ್ತ್," ಎಂದ ಬಚ್ಚ, ಹೊಳೆಗೆ ಹೇಳುವ ಹಾಗೆ. "ನಾ ನನ್ ಅಬ್ಬಿ ಹತ್ರ ಕೇಣ್ಕಂಡ್ ಅವಳ್ದೊಂದ್ ಹಳೇ ಸೀರೆ ತಂದ್ ಕೊಟ್ಟಿದ್ದೆ. ಅದನ್ನೂ ಹೊದ್ಕಂಡಿದ್ರ್."

ಸೀತು ಎದ್ದು ಬಂದು ಮಗನ ಬೆನ್ನ ಹಿಂದೆ ನಿಂತಿದ್ದಳು. ಅವಳು ಬಾಯಿ ತೆರೆಯುವುದನ್ನು ಕಂಡು ವಿಷ್ಣುಮೂರ್ತಿ ಬೇಡ ಎಂದು ಕೈ ಅಲ್ಲಾಡಿಸಿದ. ಅವಳು ಕೇಳಬೇಕೆಂದಿದ್ದುದನ್ನು ತಡೆದುಕೊಂಡು, ಬುಟ್ಟಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಅವರಿಬ್ಬರ ಪಕ್ಕದ ಹಲಗೆಯ ಮೇಲೆ ಕೂತಳು.